ಮಳೆಗಾಲದಲ್ಲಿ ತೆಗೆದ ಫೋಟೋ

ಗಿರಿಜಕ್ಕ, ಸಾನಪಾಡಾದ ಖಾಡಿಯಂಚಿನಲ್ಲಿ, ಆ ಉಪ್ಪುನೀರಿನ ದಡದಲ್ಲಿ, ನೀವು ಮೀನು ಒಣಗಿಸುತ್ತಿದ್ದ ಜಾಗವನ್ನು ‘ಯಾರೂ ಬಳಸದ ನೆಲ’ ಎಂದು ಬರೆದವಳು ನಾನು. ಪಕ್ಕದ ಮನೆಯಲ್ಲಿದ್ದ, ನೀವು ‘ಮಗಾ’ ಎಂದು ಕರೆಯುತ್ತಿದ್ದ ನಾನೇ.

ಅಲ್ಲಿ ಗಾಲ್ಫ್ ಮೈದಾನ ಮಾಡಹೊರಟ ಕಂಪನಿಗೆ ಪರಿಚಯ ಪುಸ್ತಿಕೆ ಬರೆಯುವುದು ನನ್ನ ಕೆಲಸವಾಗಿತ್ತು. ಕಡಲತೀರದ ‘ಲಿಂಕ್ಸ್’ ಮೈದಾನಗಳ ಬಗ್ಗೆ ವಾರಗಟ್ಟಲೆ ಓದಿದೆ. ಸ್ಕಾಟ್ಲೆಂಡಿನಲ್ಲಿ ಸಮುದ್ರಕ್ಕೂ ಹೊಲಕ್ಕೂ ನಡುವಿನ, ಬೆಳೆ ಬಾರದ ಮರಳು ನೆಲದಲ್ಲಿ ಈ ಆಟ ಬೆಳೆಯಿತಂತೆ. ಗಾಳಿ ಕೂಡಿಸಿದ ದಿಬ್ಬ, ಕುರಿ ಮೇಯ್ದ ಹುಲ್ಲು, ಚೆಂಡನ್ನು ಎತ್ತಲೋ ಒಯ್ಯುವ ಕಡಲಗಾಳಿ. ಊರವರು ಅಲ್ಲೇ ಬಲೆ ಹರಡುತ್ತಿದ್ದರು, ಬಟ್ಟೆ ಒಣಗಿಸುತ್ತಿದ್ದರು. ಆಡುವವರು ಸುತ್ತಿ ಹೋಗುತ್ತಿದ್ದರು. ನನಗೆ ಅದು ನಿಜವಾಗಿಯೂ ಇಷ್ಟವಾಯಿತು — ಎರಡು ಪುಟ ಬರೆದೆ. ಆ ಬಲೆಗಳ ಬಗ್ಗೆ ಕೂಡ. ಈಗ ಆ ಪುಟಗಳನ್ನು ಓದಲಾರೆ.

ಏಕೆಂದರೆ ನೀವು ಬೊಂಬಿಲ್ ಮೀನು ತೂಗುಹಾಕುವ ಬಿದಿರ ಗಳಗಳು ಫೋಟೋದಲ್ಲಿ ಬೀಳುತ್ತಿದ್ದವು. ಬೆಂಗಳೂರಿನವರಾದ ಮ್ಯಾನೇಜರ್ ಮೂಗು ಮುಚ್ಚಿಕೊಂಡು, “ಏನ್ ಮ್ಯಾಡಮ್, ಗಾಲ್ಫ್ ಕ್ಲಬ್ಬಾ ಇದು, ಮೀನ್ ಮಾರ್ಕೆಟ್ಟಾ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಾನೇ ಹೇಳಿಕೊಟ್ಟೆ —

“ಜುಲೈಯಲ್ಲಿ ತೆಗೆಸಿ ಸರ್. ಆಗ ಅಲ್ಲಿ ಒಬ್ರೂ ಇರೋದಿಲ್ಲ.”

ಮಳೆ ಸುರಿಯುವ ಆಟಿ ತಿಂಗಳಲ್ಲಿ ದೋಣಿ ಕಡಲಿಗಿಳಿಯುವುದಿಲ್ಲ, ನೀವು ಗಳ ಬಿಚ್ಚಿ ಮನೆಗೊಯ್ಯುತ್ತೀರಿ ಎಂಬುದು ಆ ಕಚೇರಿಯಲ್ಲಿ ಗೊತ್ತಿದ್ದದ್ದು ಕರಾವಳಿಯವಳಾದ ನನಗೊಬ್ಬಳಿಗೇ. ಫೋಟೋದಲ್ಲಿ ಬರೀ ಹಸಿರು ಬಂತು. ಅದನ್ನೇ, ‘ಯಾರೂ ಬಳಸದ ನೆಲ’ ಎಂಬ ನನ್ನ ಸಾಲಿನೊಂದಿಗೆ, ಪರವಾನಗಿಯ ಕಾಗದಗಳಿಗೆ ಲಗತ್ತಿಸಿದರು.

ಮರುವರ್ಷ ನಾರಳಿ ಪೂರ್ಣಿಮೆ ಕಳೆದು, ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ನೀವು ಗಳ ಹೊತ್ತು ಹೋದಾಗ ಸುತ್ತ ಬೇಲಿ ಎದ್ದಿತ್ತು. ಫೋಟೋದ ನಕಲು ಹಿಡಿದು ನಮ್ಮ ಮನೆಗೆ ಬಂದಿರಿ.

“ಎಂತ ಮಗಾ ಇದು? ಮಳೆಗಾಲದಲ್ಲಿ ಮೀನು ಒಣಗಿಸ್ಲಿಕ್ಕೆ ನಮಗೆಂತ ಮರ್ಲಾ? ಯಾವ ಬೇವರ್ಸಿ ತೆಗೆಸಿದ್ದು? ನೀನು ಓದಿದವಳು, ಒಂದು ಅರ್ಜಿ ಬರೆದು ಕೊಡು.”

ಬರೆದುಕೊಟ್ಟೆ. ಚೆಂದದ ಅಕ್ಷರದಲ್ಲಿ. ಫೋಟೋ ಮಳೆಗಾಲದ್ದು ಎಂಬ ಮಾತೊಂದನ್ನು ಮಾತ್ರ ಬಿಟ್ಟುಬಿಟ್ಟೆ — ಬರೆದಿದ್ದರೆ ಆ ತಿಂಗಳನ್ನು ಆರಿಸಿದ್ದು ಯಾರೆಂದು ಕೇಳುತ್ತಿದ್ದರು. ಅರ್ಜಿ ವಜಾ ಆಯಿತು. ಈಗ ನೀವು ಉಲ್ಹಾಸನಗರದ ಅಂಗಡಿಯಲ್ಲಿ ಬೇರೆಯವರ ಒಣಮೀನು ಕಟ್ಟುತ್ತೀರಿ.

ಕ್ಷಮೆ ಕೇಳುವುದಿಲ್ಲ, ‘ಆಯ್ತು ಬಿಡು’ ಎಂದುಬಿಟ್ಟೀರಿ ಎಂಬ ಹೆದರಿಕೆ. ಇದರೊಂದಿಗೆ ಇನ್ನೊಂದು ಕಾಗದ ಇಟ್ಟಿದ್ದೇನೆ — ಫೋಟೋ ಯಾವ ತಿಂಗಳದ್ದು, ಹೇಳಿಕೊಟ್ಟದ್ದು ಯಾರು, ಕೆಳಗೆ ನನ್ನ ಪೂರ್ತಿ ಹೆಸರು, ಸಹಿ. ಒಬ್ಬ ವಕೀಲರನ್ನು ಹಿಡಿದು ಅವರಿಗೆ ಕೊಡಿ, ಮತ್ತೆ ಅರ್ಜಿ ಹಾಕಲಿ. ಸಾಕ್ಷಿಗೆ ಕರೆದರೆ ಬರುತ್ತೇನೆ. ಕರೆಯದಿದ್ದರೂ ಬರುತ್ತೇನೆ.