ಅಕ್ಕನಿಗಾಗಿ ನುಡಿಸಿದ ವಾಲ್ಟ್ಸ್

ಗೆಳೆಯನ ಫ್ರಿಜ್ಜಿನ ಬಾಗಿಲ ಮೇಲೆ ಆಸ್ಟ್ರಿಯಾದ ಸಂಗೀತಗಾರರು ಸಾಲಾಗಿ ಅಂಟಿಕೊಂಡಿದ್ದರು. ವಿಯೆನ್ನಾಕ್ಕೆ ಪ್ರವಾಸ ಹೋದಾಗ ತಂದ ಮ್ಯಾಗ್ನೆಟ್‌ಗಳು. ಬಿಳಿ ವಿಗ್ಗಿನವರು ಇಬ್ಬರು, ದುಂಡು ಕನ್ನಡಕದವನೊಬ್ಬ, ಪಿಟೀಲು ಹಿಡಿದ ದಪ್ಪ ಮೀಸೆಯವನೊಬ್ಬ. ಇವರಲ್ಲಿ ಯಾರಾದರೊಬ್ಬರ ಕಥೆ ಕೇಳದೆ ಆ ಮನೆಯಲ್ಲಿ ತಣ್ಣೀರಿನ ಬಾಟಲಿ ಕೈಗೆ ಬರುತ್ತಿರಲಿಲ್ಲ.

"ಈ ವಿಗ್ಗಿನ ತಾತ ಇದಾನಲ್ಲ ಗುರು, ಚಿಕ್ಕವನಿದ್ದಾಗ ವಿಯೆನ್ನಾದ ದೊಡ್ಡ ಚರ್ಚಲ್ಲಿ ಹಾಡ್ತಿದ್ದ. ದನಿ ಒಡೀತು ನೋಡು, ಆಚೆ ಹಾಕ್ಬಿಟ್ರು. ಎಂಥಾ ಅನ್ಯಾಯ ಅಲ್ವಾ?"

ಹೀಗೆ ಹೇಳುವಾಗ ಅವನ ಮುಖದಲ್ಲಿ ನಿಜವಾದ ಮರುಕ ಕಾಣುತ್ತಿತ್ತು. ನಾನು ಅದನ್ನು ನಂಬಿದೆ.

ಅವನು ಮೈಸೂರಿನವನು. ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಅಲ್ಲೇ ಫ್ಲ್ಯಾಟು. ಅದರ ಒಂದು ಕೋಣೆಯ ತುಂಬ ಕೀಬೋರ್ಡು, ಮೈಕು, ಕಂಪ್ಯೂಟರು. ನಾನು ಕರಾವಳಿಯ ಕ್ರಿಶ್ಚಿಯನ್, ಅಬುಧಾಬಿಯ ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿದ್ದೆ. ಊರಿನ ಚರ್ಚಿನಲ್ಲಿ ಕಲಿತ ಪಿಟೀಲು ನನ್ನ ಜೊತೆಗೇ ವಿಮಾನ ಹತ್ತಿ ಬಂದಿತ್ತು. ಶುಕ್ರವಾರ ಬೆಳಿಗ್ಗೆ ಬಸ್ಸು ಹಿಡಿದು ದುಬೈಗೆ ಬಂದರೆ ಸಂಜೆಯವರೆಗೂ ಇಬ್ಬರದೂ ಅಭ್ಯಾಸ. ಅಲ್ಲಿ ನೆಲೆಸಿದ ನಮ್ಮ ಕಡೆಯವರ ಮದುವೆ, ಬೆಳ್ಳಿಹಬ್ಬಗಳಲ್ಲಿ ನಾವಿಬ್ಬರೂ ಸೇರಿ ನುಡಿಸುತ್ತಿದ್ದೆವು.

ನಮ್ಮ ಮದುವೆಗಳಲ್ಲಿ ಕೇಕ್ ಕತ್ತರಿಸಿ ಶುಭ ಕೋರಿದ ಮೇಲೆ ಮದುಮಕ್ಕಳು ಎಲ್ಲರೆದುರು ಮೊದಲ ಕುಣಿತ ಕುಣಿಯಬೇಕು. ಅದು ಹೆಚ್ಚಾಗಿ ಮೂರು ಪೆಟ್ಟಿನ ಲಯಕ್ಕೆ ಜೋಡಿಯಾಗಿ ತಿರುಗುವ ವಾಲ್ಟ್ಸ್ ಆಗಿರುತ್ತಿತ್ತು. ಮೀನು ಪುಳಿಮುಂಚಿ ಉಣ್ಣುವ ಜನರ ಅಂಗಳಕ್ಕೆ ವಿಯೆನ್ನಾದ ಕುಣಿತ ಯಾವ ದಾರಿಯಿಂದ ಬಂತೋ, ನಾವು ಯಾರೂ ಕೇಳಿದವರಲ್ಲ. ಅದು ನಮ್ಮದೇ ಎಂದುಕೊಂಡಿದ್ದೆವು. ಫ್ರಿಜ್ಜಿನ ಮೇಲಿನ ಆ ಮೀಸೆಯವನದು ಎಂದು ನನಗೆ ಹೇಳಿದವನು ಈ ಗೆಳೆಯನೇ. ವಿಯೆನ್ನಾದಲ್ಲಿ ಅಪ್ಪನೂ ವಾಲ್ಟ್ಸ್ ಬರೆಯುವವನಂತೆ, ಆದರೆ ಮಗ ಪಿಟೀಲು ಮುಟ್ಟುವುದು ಅವನಿಗೆ ಬೇಡವಾಗಿತ್ತಂತೆ. ಮಗ ಕದ್ದು ಕಲಿತು ಅಪ್ಪನನ್ನೇ ಮೀರಿಸಿದನಂತೆ.

"ವಿಯೆನ್ನಾದವ್ರು ವಾಲ್ಟ್ಸನ್ನ ಗಡಿಯಾರದ ಥರ ನುಡಿಸಲ್ಲ ಕಣೋ. ಮೂರರಲ್ಲಿ ಎರಡನೇ ಪೆಟ್ಟು ಒಂಚೂರು ಮುಂಚೆ ಬರತ್ತೆ. ಅದನ್ನ ಯಾವ ಮೆಷಿನ್ನಿಗೂ ಕಲಿಸಕ್ಕಾಗಲ್ಲ," ಎಂದು ಹೇಳಿದವನೂ ಇವನೇ. ಈ ಮಾತನ್ನು ನಾನು ಮರೆತಿಲ್ಲ. ಅವನು ಮರೆತ.

ಇನ್ನು ಅಕ್ಕನ ವಿಷಯ. ಅವಳ ಎಡಗಾಲು ಹುಟ್ಟಿನಿಂದಲೇ ಸ್ವಲ್ಪ ಗಿಡ್ಡ. ಬೇರೆಯವರ ಮದುವೆಗಳಲ್ಲಿ ಕುರ್ಚಿಯಲ್ಲಿ ಕುಳಿತು ಪರ್ಸು ಕಾಯುವುದು ಅವಳ ಕೆಲಸ. "ನೀನು ಕೂತುಕೋ ಮಾರಾಯ್ತಿ, ಕಾಲು ನೋಯುತ್ತದೆ" ಎಂದು ಹೆಂಗಸರು ಪ್ರೀತಿಯಿಂದಲೇ ಹೇಳಿ ಅವಳನ್ನು ಬದಿಗಿಡುತ್ತಿದ್ದರು. ಊರಿನ ಮನೆಯ ಜಗಲಿಯಲ್ಲಿ ಮಾತ್ರ, ನಾನು ಪಿಟೀಲು ಹಿಡಿದಾಗ, ಅವಳು ಕಂಬ ಹಿಡಿದು ಒಬ್ಬಳೇ ತಿರುಗುತ್ತಿದ್ದಳು. ತಿರುವಿನಲ್ಲಿ ಎಡಗಾಲು ನೆಲ ಮುಟ್ಟಲು ಒಂದು ಉಸಿರಿನಷ್ಟು ಹೊತ್ತು ಹೆಚ್ಚು ಬೇಕು. ನಾನು ಕಮಾನನ್ನು ತಂತಿಯ ಮೇಲೆ ತಡೆದು ಹಿಡಿಯುತ್ತಿದ್ದೆ. ಕಾಲು ಬಂದ ಮೇಲೆ ಬಿಡುತ್ತಿದ್ದೆ. ಹಾಗೆ ನುಡಿಸಿದರೆ ಅವಳು ಕುಂಟುತ್ತಿದ್ದಾಳೆ ಎಂದು ಯಾರೂ ಹೇಳುವಂತಿರಲಿಲ್ಲ.

ನಲವತ್ತರ ಹತ್ತಿರ ಅವಳಿಗೆ ಮದುವೆ ಕೂಡಿಬಂತು. ಆಗಲೇ ನಮ್ಮ ಆಸ್ಪತ್ರೆಗೆ ತಪಾಸಣೆಯವರು ಬರುವುದಿತ್ತು. ರಜೆ ಇಲ್ಲ; ಅಲ್ಲಿನ ಅರಬಿಯಲ್ಲಿ ಹೇಳುವಂತೆ ಮಾಫಿ, ಖಲಾಸ್. ಫೋನಿನಲ್ಲಿ ಅಕ್ಕ ಒಂದೇ ಮಾತು ಕೇಳಿದಳು.

"ವಾಲ್ಟ್ಸ್ ಎಂತ ಮಾಡುವುದು ಮಾರಾಯ?"

"ನಾನೇ ನುಡಿಸಿ ಕಳಿಸ್ತೇನೆ. ನೀನು ಹೆದರಬೇಡ," ಎಂದೆ.

ಗೆಳೆಯನಿಗೆ ಎಲ್ಲವನ್ನೂ ಹೇಳಿದೆ. ಕಾಲಿನ ವಿಷಯ, ಜಗಲಿಯ ವಿಷಯ, ಎಲ್ಲಿ ಎಷ್ಟು ತಡೆಯಬೇಕು ಎಂಬುದು ಸಹ. ಗುಂಯ್ ಎನ್ನುತ್ತದೆಂದು ಎಸಿ ಬಂದ್ ಮಾಡಿ, ಬೆವರು ಸುರಿಸುತ್ತ, ಕಣ್ಣು ಮುಚ್ಚಿ ನುಡಿಸಿದೆ. ಮುಗಿಯುವ ಮೊದಲು ನನ್ನ ಕುರ್ಚಿ ಒಮ್ಮೆ ಕಿರ್ ಎಂದಿತು. ಇನ್ನೊಮ್ಮೆ ನುಡಿಸುತ್ತೇನೆ ಎಂದರೆ ಅವನು ಬಿಡಲಿಲ್ಲ. "ಇಷ್ಟು ಚೆನ್ನಾಗಿ ಇನ್ನೊಂದ್ಸಲ ಬರಲ್ಲ ಗುರು. ಕೀಬೋರ್ಡ್ ಸೇರಿಸಿ ನಾನೇ ಊರಿಗೆ ಮೇಲ್ ಮಾಡ್ತೀನಿ," ಎಂದ. ನನಗೆ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಅವತ್ತು ಬಸ್ಸಿನಲ್ಲಿ ಅಬುಧಾಬಿಯವರೆಗೂ ನಗುತ್ತಲೇ ಇದ್ದೆ.

ಮದುವೆಯಾದ ಮರುದಿನ ಅಕ್ಕ ಫೋನಿಗೆ ಸಿಕ್ಕಳು. "ಲಾಯ್ಕಿತ್ತು. ಒಂದು ಸುತ್ತು ಹಾಕಿ ಕೂತೆ. ಬೆಳಗಿಂದ ನಿಂತು ಸುಸ್ತಾಗಿತ್ತು," ಎಂದಳು. ಆಮೇಲೆ ಬಂದ ಮದುವೆಯ ವಿಡಿಯೋದಲ್ಲಿ ಕುಣಿತದ ಭಾಗವನ್ನು ಚಿಕ್ಕದು ಮಾಡಿ, ಮೇಲೆ ಯಾವುದೋ ಸಿನಿಮಾ ಹಾಡು ಅಂಟಿಸಿದ್ದರು. ಅಕ್ಕ ಭಾವನ ಕೈ ಬಿಟ್ಟು ಕುರ್ಚಿಗೆ ಹೋಗುವುದು ಕಂಡಿತು. ಸುಸ್ತು ಎಂದೇ ತಿಳಿದೆ.

ಅದಾದ ಮೇಲೆ ಗೆಳೆಯನಿಂದ ಕರೆಗಳು ಕಡಿಮೆಯಾದವು. ಈಗಿನ ಹುಡುಗರಿಗೆ ವಾಲ್ಟ್ಸ್ ಬೇಡ, ಹಿಂದಿ ಹಾಡು ಸಾಕು ಎನ್ನುತ್ತಾರೆ, ಪಿಟೀಲಿಗೆ ಜಾಗ ಇಲ್ಲ ಎಂದ. ಕಾಲ ಬದಲಾಯಿತು ಎಂದು ನಾನು ಕಾಲವನ್ನೇ ಬೈದೆ. ಬೈಯಬೇಕಾದವನು ಫ್ರಿಜ್ಜಿನ ಪಕ್ಕ ನಿಂತಿದ್ದ.

ಎರಡು ವರ್ಷದ ಮೇಲೆ ನಮ್ಮ ಆಸ್ಪತ್ರೆಯ ನರ್ಸಮ್ಮ ಒಬ್ಬರು ತಂಗಿಯ ಮದುವೆಗೆ ಕರೆದರು. ದುಬೈಯ ಹೋಟೆಲೊಂದರ ಹಾಲ್. ವೇದಿಕೆಯ ಮೂಲೆಯಲ್ಲಿ ಕೀಬೋರ್ಡಿನ ಹಿಂದೆ ಇವನು. ನನ್ನನ್ನು ಅವನು ನೋಡಿರಲಿಲ್ಲ. ಮದುಮಕ್ಕಳು ನಡುವೆ ಬಂದು ನಿಂತರು, ವಾಲ್ಟ್ಸ್ ಶುರುವಾಯಿತು, ಕೀಬೋರ್ಡಿನ ಜೊತೆ ಪಿಟೀಲೂ ಕೇಳಿತು. ವೇದಿಕೆಯ ಮೇಲೆ ಪಿಟೀಲು ಹಿಡಿದವರು ಯಾರೂ ಇರಲಿಲ್ಲ.

ನನ್ನ ಕಮಾನು ನನಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಸಂಶಯ. ಮೊದಲ ತಿರುವು ಬಂತು. ನಾನು ಉಸಿರು ಹಿಡಿದೆ. ಪಿಟೀಲು ನಿಲ್ಲಲಿಲ್ಲ, ಸಲೀಸಾಗಿ ಮುಂದೆ ಹೋಯಿತು. ಎರಡನೆಯ ತಿರುವಿನಲ್ಲೂ ನಿಲ್ಲಲಿಲ್ಲ. ನನ್ನದಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ, ಮುಗಿಯುವ ಮೊದಲು, ಕುರ್ಚಿ ಕಿರ್ ಎಂದಿತು.

ಊಟದ ಹೊತ್ತಿಗೆ ಅವನ ಬಳಿ ಹೋದೆ. ಒಮ್ಮೆ ಬಿಳಿಚಿಕೊಂಡ, ಮತ್ತೆ ನಕ್ಕ.

"ಅದು ನಂದಲ್ವಾ?" ಎಂದೆ.

"ಹೇಳ್ಬೇಕು ಅನ್ಕೊಂಡೇ ಇದ್ದೆ ಗುರು. ನೀನು ಅಬುಧಾಬಿಯಿಂದ ಪ್ರತಿಸಲ ಬರೋದು ಕಷ್ಟ, ಅದಕ್ಕೇ. ಎಷ್ಟು ಮದುವೇಲಿ ಹಾಕಿದೀನಿ, ಎಲ್ರೂ ಹೊಗಳ್ತಾರೆ. ನೀನು ಅಲ್ಲಲ್ಲಿ ನಿಂತ್ಬಿಟ್ಟಿದ್ದೆಯಲ್ಲ, ಅದನ್ನೆಲ್ಲ ಕತ್ತರಿಸಿ ಸಮ ಮಾಡ್ದೆ."

"ನಿಂತದ್ದು ಯಾಕೆ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಕಣೋ. ಆದ್ರೆ ಕೇಳೋವ್ರಿಗೆ ಅದು ತಪ್ಪು ಅನ್ಸತ್ತೆ."

ಕೇಳಬಾರದಾಗಿತ್ತು, ಕೇಳಿದೆ. "ಯಾವಾಗ ಕತ್ತರಿಸಿದ್ದು?"

"ಅವತ್ತೇ. ಊರಿಗೆ ಕಳ್ಸೋ ಮುಂಚೆನೇ. ಮದುವೆಮನೇಲಿ ನಿನ್ನ ಹೆಸರು ಕೆಡಬಾರ್ದು ಅಂತ."

ಕಪಾಳಕ್ಕೆ ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ, ಅದಕ್ಕೆ ಇವತ್ತಿಗೂ ಕೈ ಕಡಿಯುತ್ತದೆ. ಊಟ ಮಾಡದೆ ಹೊರಗೆ ಬಂದು, ಬಸ್ಸಿಗೂ ಕಾಯದೆ, ಹೋಟೆಲಿನ ಕಾರು ನಿಲ್ಲಿಸುವ ಜಾಗದಲ್ಲೇ ಅಕ್ಕನಿಗೆ ಫೋನ್ ಮಾಡಿದೆ. ಅವನು ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ಮೊದಲನೇ ತಿರುವಿನಲ್ಲೇ ನಾನು ಬೀಳುವುದಿತ್ತು," ಎಂದಳು ಅಕ್ಕ. "ನಿನ್ನ ಭಾವ ಹಿಡಿದುಕೊಂಡರು. ಎಲ್ಲ ನೋಡ್ತಾ ಇದ್ದರು. ಆಗಲೇ ಸಾಕು ಅನಿಸಿತು."

"ನಂಗೆ ಯಾಕೆ ಹೇಳಲಿಲ್ಲ ಅಕ್ಕ?"

"ಎಂತ ಹೇಳುವುದು? ದುಬೈ, ಅಬುಧಾಬಿ ಅಂತ ದೊಡ್ಡ ಜನ ಆದ ಮೇಲೆ ನಿಂಗೂ ನನ್ನ ಕಾಲಿಗೆ ಕಾಯಲಿಕ್ಕೆ ಪುರುಸೊತ್ತಿಲ್ಲ ಅಂತ ಗ್ರಹಿಸಿದೆ."

ಆ ಎರಡು ವರ್ಷ ನಾನು ಪ್ರತಿ ಶುಕ್ರವಾರ ಅವಳಿಗೆ ಫೋನ್ ಮಾಡಿದ್ದೆ. ಅವಳು ಹಾಗೆಂದೇ ತಿಳಿದುಕೊಂಡು, ಊಟ ಆಯಿತಾ ಎಂದು ಪ್ರತಿ ಸಲವೂ ಕೇಳಿದ್ದಳು.