ಓಣಿಯ ಗಾಂಧಾರ

ನಮ್ಮ ಹಾರ್ಮೋನಿಯಂ ಮೇಷ್ಟ್ರ ಉಗುರುಸಂದಿಯಲ್ಲಿ ಸದಾ ಹಿತ್ತಾಳೆ ಪುಡಿ ಮಿನುಗುತ್ತಿತ್ತು. ಎಷ್ಟು ಕೈ ತೊಳೆದರೂ ಹೋಗುತ್ತಿರಲಿಲ್ಲ. ಪಾಠ ಹೇಳುವುದಕ್ಕಿಂತ ಪೆಟ್ಟಿಗೆ ಬಿಚ್ಚಿಕೊಂಡು ಕೂರುತ್ತಿದ್ದುದೇ ಹೆಚ್ಚು. ಒಳಗೆ ಗಾಳಿಗೆ ಅದುರಿ ಸ್ವರ ಹೊರಡಿಸುವ ಹಿತ್ತಾಳೆ ರೀಡುಗಳನ್ನು ಚಾಕುವಿನಿಂದ ಕೆರೆಯುತ್ತಿದ್ದರು. ಬುಡದಲ್ಲಿ ಕೆರೆದರೆ ಸ್ವರ ಇಳಿಯುತ್ತದೆ, ತುದಿಯಲ್ಲಿ ಕೆರೆದರೆ ಏರುತ್ತದೆ. ಬೇರೆ ಮೇಷ್ಟ್ರುಗಳು ಶ್ರುತಿ ತಪ್ಪಿದ ಮಕ್ಕಳನ್ನು ಗದರಿದರೆ, ಇವರು ಪೆಟ್ಟಿಗೆಯನ್ನೇ ತಿದ್ದುತ್ತಿದ್ದರು.

"ಎರಡು ಮನೆ ನಡುವೆ ಓಣಿ ಇರಲ್ವೇನವ್ವ? ಎರಡು ಸ್ವರದ ನಡುವೆನೂ ಐತೆ. ಅಲ್ಲೂ ಜನ ಓಡಾಡ್ತಾರೆ," ಎನ್ನುತ್ತಿದ್ದರು.

ಅವರ ಒಬ್ಬಳೇ ಮಗಳು ಹಾಡಿದರೆ ಗಾಂಧಾರ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತಿತ್ತಂತೆ. ಅವಳಿಗಾಗಿ ಆ ಒಂದು ರೀಡಿನ ಬುಡ ಕೆರೆದು ಇಳಿಸಿದ್ದರು. ಅವಳು ಜ್ವರದಿಂದ ತೀರಿಕೊಂಡ ಮೇಲೂ ಅದನ್ನು ಹಾಗೇ ಬಿಟ್ಟಿದ್ದರು. ನಾನು ಪಾಠಕ್ಕೆ ಸೇರಿದ್ದು ಆಮೇಲೆ, ಎಪ್ಪತ್ತರ ದಶಕದಲ್ಲಿ. ಗಂಡಿನ ಕಡೆಯವರ ಮುಂದೆ ಒಂದು ಹಾಡಾದರೂ ಬರಲಿ ಎಂದು ಅಮ್ಮ ಹೊಳಲ್ಕೆರೆಯ ಅವರ ಮನೆಗೆ ಕಳಿಸಿದ್ದಳು.

ಆ ಗಾಂಧಾರಕ್ಕೆ ಬಂದಾಗಲೆಲ್ಲ ನನ್ನ ದನಿಗೂ ಪೆಟ್ಟಿಗೆಯ ದನಿಗೂ ತಿಕ್ಕಾಟವಾಗಿ, ಡಬ್ಬಿಯಲ್ಲಿ ದುಂಬಿ ಸಿಕ್ಕಿಕೊಂಡಂತೆ ಗುಂಯ್ ಗುಂಯ್ ಎನ್ನುತ್ತಿತ್ತು. ನನಗೋ ಹಟ, ದಿನಾ ಅದರ ಬೆನ್ನು ಹತ್ತಿದೆ. ಒಂದು ಮಧ್ಯಾಹ್ನ ಆ ಸದ್ದು ತಟಕ್ಕನೆ ನಿಂತಿತು. ಎರಡು ದನಿ ಒಂದಾಗಿತ್ತು. ಆದರೆ ಅದು ನನ್ನದು ಅನ್ನಿಸಲಿಲ್ಲ. ಹೆದರಿ ಬಾಯಿ ಮುಚ್ಚಿದೆ. ಮೇಷ್ಟ್ರೂ ತಿದಿಯಿಂದ ಕೈ ತೆಗೆದರು. ದನಿ ಇನ್ನೂ ಒಂದು ಗಳಿಗೆ ಕೋಣೆಯಲ್ಲೇ ಇತ್ತು.

ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅವರ ಹೆಂಡತಿ ಬೂದಿಗೈಯಲ್ಲೇ ಓಡಿಬಂದು ನನ್ನ ಗಲ್ಲ ಹಿಡಿದರು.

"ಯಾವಾಗ್ ಬಂದ್ಯೇ? ಉಂಡ್ಯೇನೇ?"

ನಾನು ಅವಳಲ್ಲ ಎನ್ನಹೋದೆ. ಅಷ್ಟರಲ್ಲಿ ಅವರು ನನ್ನ ತಲೆ ಸವರತೊಡಗಿದ್ದರು.

ಮೇಷ್ಟ್ರು ಹೆಂಡತಿಯನ್ನು ಒಳಗೆ ಕೂರಿಸಿ ಬಂದು, ಪೆಟ್ಟಿಗೆ ಬಿಚ್ಚಿ, ಆ ರೀಡಿನ ತುದಿಗೆ ಚಾಕು ಇಟ್ಟರು.

"ಬ್ಯಾಡ್ರಿ ಮೇಷ್ಟ್ರೇ, ಅದು ಅವಳ್ದು," ಎಂದೆ.

"ಇದು ಹಿಂಗೇ ಇದ್ರೆ ನಿನ್ನೂ ಅವಳನ್ನೇ ಮಾಡ್ಕಂಬಿಡ್ತೀವಿ ಕಣವ್ವ. ನಿನ್ನ ಗಂಟ್ಲು ನಿನಗಿರ್ಲಿ."

ಕೆರೆದರು. ಸ್ವರ ಓಣಿ ಬಿಟ್ಟು ತನ್ನ ಮನೆ ಸೇರಿತು. ಅವರು ಉಗುರಿಗೆ ಮೆತ್ತಿದ ಪುಡಿಯನ್ನೇ ನೋಡುತ್ತ ಕೂತುಬಿಟ್ಟರು.

ವರ್ಷಗಳು ಉರುಳಿ ಮೇಷ್ಟ್ರು ತೀರಿಹೋದರು, ಅವರ ಹೆಂಡತಿಯೂ ಹೋದರು. ನಾನು ಎಷ್ಟೋ ಮಕ್ಕಳಿಗೆ ಹಾಡು ಹೇಳಿಕೊಟ್ಟೆ, ನನ್ನದೇ ದನಿಯಲ್ಲಿ. ಮಗಳನ್ನು ಎರಡನೇ ಸಲ ಕಳೆದುಕೊಂಡು ಅವರು ನನಗೆ ಉಳಿಸಿಕೊಟ್ಟ ದನಿ ಅದು. ಆದರೆ ಹಿಟ್ಟು ನಾದುತ್ತ ಮೈಮರೆತು ಗುನುಗುವಾಗ ನನ್ನ ಗಾಂಧಾರ ತಾನಾಗಿ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಅವಳಿಗೆ ಈಗ ಬೇರೆ ಜಾಗವಿಲ್ಲ. ಹಾಡಿ ಮುಗಿಸಲಿ ಎಂದು ಸುಮ್ಮನೆ ಬಿಡುತ್ತೇನೆ.