ಬಾಯಿಲೆಕ್ಕ ಬಿಡಿಸಿದ ಟೀಚರ್

ಮಸ್ಕತ್ತಿನ ರೂವಿಯಲ್ಲಿ ಬಟ್ಟೆ ಮಾರುವ ನಾನು, ಮಗಳಿಗೆ ಗಣಿತ ಕಲಿಸುವ ವಿಮಲಾಕ್ಷಿ ಟೀಚರನ್ನು ಮೊದಲ ಸಲ ಸೀರೆಯಿಂದಲೇ ಅಳೆದೆ. ಮೈಸೂರಿನ ಹತ್ತಿ ಸೀರೆ, ಹತ್ತು ವರ್ಷ ಹಳೆಯದು, ಗಂಜಿ ಮಾತ್ರ ಇವತ್ತಿನದು. ಚೌಕಾಸಿಗೆ ಬಗ್ಗುವ ಗಿರಾಕಿಯಲ್ಲ ಎಂದುಕೊಂಡೆ. ಅಂದಾಜು ತಪ್ಪಲಿಲ್ಲ.

ಎಣ್ಣೆಯ ಬೆಲೆ ಬಿದ್ದ ವರ್ಷ ಅದು. ಟೀಚರ ಗಂಡನ ಕೆಲಸ ಹೋಗಿ, ಮಾರ್ಚ್ ಕಳೆದರೆ ಊರಿಗೆ ಹೊರಡುವವರಿದ್ದರು. ಹತ್ತನೆಯ ತರಗತಿಯ ನನ್ನ ಮಗಳು ಸಫೀನಾಳಿಗೆ ಗಣಿತದಲ್ಲಿ ಅರ್ಧದಷ್ಟು ಅಂಕವೂ ಬರುತ್ತಿರಲಿಲ್ಲ. ಹಾಗೇ ಆದರೆ ಹನ್ನೊಂದರಲ್ಲಿ ಅವಳಿಗೆ ಗಣಿತ ಸಿಗದು. ವಿಚಿತ್ರವೆಂದರೆ ಉತ್ತರಗಳೆಲ್ಲ ಸರಿ. ಅಂಗಡಿಯಲ್ಲಿ ಬೆಳೆದ ಹುಡುಗಿ, ಲೆಕ್ಕವನ್ನು ಬಾಯಲ್ಲೇ ಮುಗಿಸಿ ಉತ್ತರ ಮಾತ್ರ ಬರೆಯುತ್ತಿದ್ದಳು. ಅಂಕವಿದ್ದದ್ದು ನಡುವಿನ ಹಂತಗಳಿಗೆ.

“ಇದು ನಿಮ್ಮಿಂದ ಬಂದ ಕಾಯಿಲೆ,” ಎಂದರು ಟೀಚರ್. “ಇನ್ಮೇಲೆ ಇವಳು ದಿನಾ ನಿಮಗೆ ಪಾಠ ಹೇಳ್ಲಿ. ಅರ್ಥವಾಗದೆ ತಲೆ ಆಡಿಸ್ಬೇಡಿ.”

“ಎಂಟನೇ ಕ್ಲಾಸಿಗೇ ನನ್ನ ಓದು ಖಲಾಸ್, ಮಾರಾಯ್ರೆ.”

“ಅದಕ್ಕೇ ನೀವೇ ಬೇಕು.”

ಸರಿ, ನಾನೂ ಒಂದು ನೋಟುಪುಸ್ತಕ ಹಿಡಿದು ಕುಳಿತೆ. ಸಗಟು ವ್ಯಾಪಾರಿಯ ಬಿಲ್ಲು ನೋಡುವ ಕಣ್ಣಿನಿಂದ ಪ್ರತಿ ಸಾಲಿಗೂ “ಇದು ಎಲ್ಲಿಂದ ಬಂತು?” ಎಂದೆ. “ಉಪ್ಪಾ, ಇಟ್ಸ್ ಆಬ್ವಿಯಸ್!” ಎಂದು ಅವಳು ರೇಗಿದಳು. ತಿಂಗಳೊಳಗೆ, ನನ್ನ ಬಾಯಿ ಮುಚ್ಚಿಸಲೆಂದೇ ಎಲ್ಲ ಹಂತಗಳನ್ನೂ ಬರೆಯತೊಡಗಿದಳು. ಟೀಚರ್ ಸಾಮಾನು ಕಟ್ಟುವುದರ ನಡುವೆಯೂ ರಜೆಯ ಶುಕ್ರವಾರ ತಪ್ಪದೆ ಮನೆಗೆ ಬಂದು ಇಬ್ಬರ ಪುಸ್ತಕವನ್ನೂ ತಿದ್ದಿದರು. ಕೆಂಪು ಶಾಯಿ ಹೆಚ್ಚು ಖರ್ಚಾದದ್ದು ನನ್ನದಕ್ಕೇ.

ಸಫೀನಾಳಿಗೆ ಹನ್ನೊಂದರಲ್ಲಿ ಗಣಿತ ಸಿಕ್ಕಿತು. ಅದಕ್ಕೂ, ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಕಲಿತ ಬೀಜಗಣಿತಕ್ಕೂ ವಿಮಲಾಕ್ಷಿ ಟೀಚರಿಗೆ ನಾನು ಋಣಿ.